ಗಿಟಾರ್ ಅಬ್ಬರದಲ್ಲಿ ಪಿಟೀಲು ಯಾಕೆ ಮುಳುಗುತ್ತದೆ? ‘ಟರ್ನ್ ಲೂಸ್ ದ ಸ್ವಾನ್ಸ್’ ಆಲ್ಬಂನಿಂದ ಕಲಿಯಬಹುದಾದದ್ದು

ಪ್ರಶ್ನೆ: ನಮ್ಮದು ಮೈಸೂರಿನ ಐದು ಜನರ ಬ್ಯಾಂಡ್. ಎರಡು ಗಿಟಾರ್, ಬೇಸ್, ಡ್ರಮ್ಸ್, ಜೊತೆಗೆ ನನ್ನ ಪಿಟೀಲು. ನಾನು ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿದ್ದೇನೆ. ಇಂಗ್ಲೆಂಡಿನ ಮೆಟಲ್ ತಂಡ ಮೈ ಡೈಯಿಂಗ್ ಬ್ರೈಡ್‌ನ ‘ಟರ್ನ್ ಲೂಸ್ ದ ಸ್ವಾನ್ಸ್’ ಕೇಳಿದ ಮೇಲೆ ನಾವೂ ಡೂಮ್ ಮೆಟಲ್ (ನಿಧಾನ ಗತಿಯ, ಭಾರವಾದ ಮೆಟಲ್ ಸಂಗೀತ) ಮಾಡಬೇಕೆಂದು ಹೊರಟಿದ್ದೇವೆ. ಆದರೆ ಜ್ಯಾಮ್ ರೂಮಿನಲ್ಲಿ ನನ್ನ ಪಿಟೀಲು ಯಾರಿಗೂ ಕೇಳುವುದಿಲ್ಲ. ವಾಲ್ಯೂಮ್ ಏರಿಸಿದರೆ ಕಿರುಚುತ್ತದೆ. ಹಾಡನ್ನು ನಿಧಾನ ಮಾಡಿದರೆ ಭಾರ ಬರುವ ಬದಲು ಎಳೆದ ಹಾಗಾಗುತ್ತದೆ. ಆ ಆಲ್ಬಂನಲ್ಲಿ ಇದನ್ನೆಲ್ಲ ಹೇಗೆ ಸಾಧಿಸಿದರು? ನಾವು ಎಲ್ಲಿಂದ ಸರಿಪಡಿಸಬೇಕು?

ಉತ್ತರ: ನಿಮ್ಮ ಮೂರು ದೂರುಗಳಿಗೆ ಕಾರಣಗಳೂ ಮೂರು. ಕಿರುಚುವುದು ಪಿಕಪ್ (ಪಿಟೀಲಿನ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಸಂಪರ್ಕದ ತೊಂದರೆ. ಕೇಳದಿರುವುದು ಹಾಡು ಕಟ್ಟಿದ ರೀತಿಯ ತೊಂದರೆ. ಎಳೆದ ಹಾಗಾಗುವುದು ಎಣಿಕೆಯ ತೊಂದರೆ. ಮೊದಲನೆಯದು ಒಂದೇ ದಿನದಲ್ಲಿ ಸರಿಹೋಗುವಂಥದು. ಅದನ್ನು ಮುಗಿಸಿಕೊಂಡು ಆಲ್ಬಂಗೆ ಬರೋಣ.

ಪಿಟೀಲಿನ ಕುದುರೆಗೆ ಸಿಕ್ಕಿಸುವ ಅಥವಾ ಅಂಟಿಸುವ ಪಿಕಪ್‌ಗಳು ಹೆಚ್ಚಾಗಿ ಪೀಜೋ ಜಾತಿಯವು, ಅಂದರೆ ಒತ್ತಡ ಬಿದ್ದರೆ ವಿದ್ಯುತ್ ಹುಟ್ಟಿಸುವ ಹರಳಿನವು. ವಿದ್ಯುತ್ ಲೆಕ್ಕದಲ್ಲಿ ಪೀಜೋ ಹರಳು ಒಂದು ಪುಟ್ಟ ಕೆಪಾಸಿಟರ್. ಅದನ್ನು ಯಾವ ಇನ್‌ಪುಟ್‌ಗೆ ಜೋಡಿಸುತ್ತೀರೋ ಆ ಇನ್‌ಪುಟ್‌ನ ಇಂಪೀಡೆನ್ಸ್ (ವಿದ್ಯುತ್ ತಡೆ) ಜೊತೆ ಸೇರಿ ಅದು ಕೆಳಗಿನ ಸ್ವರಗಳನ್ನು ತಡೆಯುವ ಫಿಲ್ಟರ್ ಆಗಿಬಿಡುತ್ತದೆ. ಪಿಕಪ್‌ನ ಕೆಪಾಸಿಟೆನ್ಸ್ 1 ನ್ಯಾನೋಫ್ಯಾರಡ್ ಎಂದಿಟ್ಟುಕೊಳ್ಳಿ. ಮಿಕ್ಸರ್‌ನ ಲೈನ್ ಇನ್‌ಪುಟ್ 10 ಕಿಲೋಓಮ್ ಇದ್ದರೆ ಸುಮಾರು 16,000 ಹರ್ಟ್ಜ್‌ಗಿಂತ ಕೆಳಗಿನದೆಲ್ಲ ಕುಗ್ಗುತ್ತಾ ಹೋಗುತ್ತದೆ, ಕೆಳಕ್ಕೆ ಹೋದಷ್ಟೂ ಹೆಚ್ಚು ಕುಗ್ಗುತ್ತದೆ. ಉಳಿಯುವುದು ಕಮಾನಿನ ಉಜ್ಜಾಟ ಮತ್ತು ಕೀರಲು ಮಾತ್ರ. ಅದೇ ಪಿಕಪ್ಪನ್ನು 1 ಮೆಗಾಓಮ್ ಇನ್‌ಪುಟ್‌ಗೆ ಕೊಟ್ಟರೆ ಆ ಗಡಿ ಸುಮಾರು 160 ಹರ್ಟ್ಜ್‌ಗೆ ಇಳಿಯುತ್ತದೆ. ಪಿಟೀಲಿನ ದಪ್ಪ ತಂತಿ ಪಾಶ್ಚಾತ್ಯ ಶ್ರುತಿಯಲ್ಲಿ 196 ಹರ್ಟ್ಜ್ ಆದ್ದರಿಂದ ಪೂರ್ತಿ ನಾದ ಒಳಗೆ ಬರುತ್ತದೆ. ನಿಮಗೆ ಬೇಕಾದದ್ದು ಪೀಜೋಗೆಂದೇ ಮಾಡಿದ ಒಂದು ಪ್ರೀಆಂಪ್ (ಸಂಕೇತವನ್ನು ಮೊದಲು ಹಿಗ್ಗಿಸುವ ಪೆಟ್ಟಿಗೆ), ಇನ್‌ಪುಟ್ ಇಂಪೀಡೆನ್ಸ್ 1 ಮೆಗಾಓಮ್‌ಗಿಂತ ಕಡಿಮೆ ಇರಬಾರದು, 10 ಇದ್ದರೆ ಇನ್ನೂ ಒಳ್ಳೆಯದು. ಪಿಕಪ್‌ನಿಂದ ಪ್ರೀಆಂಪ್‌ವರೆಗಿನ ಕೇಬಲ್ ಒಂದು-ಒಂದೂವರೆ ಮೀಟರ್ ಮೀರದಿರಲಿ. ಪ್ರೀಆಂಪ್‌ನಿಂದ ಡಿಐ ಬಾಕ್ಸ್ (ಸಂಕೇತವನ್ನು ಮಿಕ್ಸರ್‌ಗೆ ಹೊಂದಿಸಿ ಕೊಡುವ ಪೆಟ್ಟಿಗೆ), ಅಲ್ಲಿಂದ ಮಿಕ್ಸರ್. ಆಮೇಲೆ ಈಕ್ಯೂನಲ್ಲಿ (ಸದ್ದಿನ ಬೇರೆ ಬೇರೆ ಎತ್ತರಗಳನ್ನು ಏರಿಸಿ ಇಳಿಸುವ ಗುಂಡಿಗಳಲ್ಲಿ) 2,000ದಿಂದ 4,000 ಹರ್ಟ್ಜ್ ನಡುವೆ ಚುಚ್ಚುವ ಜಾಗ ಹುಡುಕಿ 3-4 ಡೆಸಿಬೆಲ್ ಇಳಿಸಿ. ದಪ್ಪ ತಂತಿಯ ಶ್ರುತಿಗಿಂತ ಸ್ವಲ್ಪ ಕೆಳಗಿರುವುದನ್ನೆಲ್ಲ ಹೈಪಾಸ್‌ನಿಂದ ಕತ್ತರಿಸಿ. ಪಿಟೀಲಿನ ಹೊಟ್ಟೆಯೊಳಗೆ ಬೇಸ್ ಗಿಟಾರ್‌ನ ಗುಂಯ್‌ಗುಟ್ಟುವಿಕೆ ಹೊಕ್ಕು ಫೀಡ್‌ಬ್ಯಾಕ್ ಶುರುವಾಗುವುದು ಇದರಿಂದ ತಪ್ಪುತ್ತದೆ.

ಇಷ್ಟಾದರೆ ಕಿರುಚಾಟ ನಿಲ್ಲುತ್ತದೆ. ಪಿಟೀಲು ಕೇಳುವುದು ಮಾತ್ರ ಇದರಿಂದ ಆಗುವ ಕೆಲಸವಲ್ಲ. ಅದಕ್ಕೆ ಆಲ್ಬಂ ಕೇಳಲೇಬೇಕು, ಅದೂ ಪೆನ್ನು ಹಾಳೆ ಹಿಡಿದು.

‘ಟರ್ನ್ ಲೂಸ್ ದ ಸ್ವಾನ್ಸ್’ 1993ರಲ್ಲಿ ಪೀಸ್‌ವಿಲ್ ರೆಕಾರ್ಡ್ಸ್‌ನಿಂದ ಬಂತು. ಉತ್ತರ ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಷೈರ್‌ನ ಅಕಾಡೆಮಿ ಸ್ಟುಡಿಯೋದಲ್ಲಿ ಧ್ವನಿಮುದ್ರಣ. 1991ರಲ್ಲಿ ಬಂದ ಪ್ಯಾರಡೈಸ್ ಲಾಸ್ಟ್ ತಂಡದ ‘ಗಾಥಿಕ್’ ಕೂಡ ಅದೇ ಸ್ಟುಡಿಯೋದ್ದು. ಬ್ರಾಡ್‌ಫರ್ಡ್‌ನಲ್ಲಿ 1990ರಲ್ಲಿ ಶುರುವಾದ ತಂಡಕ್ಕೆ ಇದು ಎರಡನೆಯ ಪೂರ್ಣ ಆಲ್ಬಂ. ಆಗ ಆರು ಜನ: ಗಾಯಕ ಆರನ್ ಸ್ಟೇನ್‌ಥಾರ್ಪ್, ಗಿಟಾರ್‌ನಲ್ಲಿ ಆಂಡ್ರ್ಯೂ ಕ್ರೇಗನ್ ಮತ್ತು ಕ್ಯಾಲ್ವಿನ್ ರಾಬರ್ಟ್‌ಷಾ, ಬೇಸ್ ಏಡ್ರಿಯನ್ ಜಾಕ್ಸನ್, ಡ್ರಮ್ಸ್ ರಿಕ್ ಮಯಾ, ಪಿಟೀಲು ಮತ್ತು ಕೀಬೋರ್ಡ್ ಎರಡೂ ಮಾರ್ಟಿನ್ ಪವೆಲ್. ಈ ಕೊನೆಯ ಸಂಗತಿಯನ್ನು ಗಮನಿಸಿ. ಪಿಟೀಲು ಮತ್ತು ಕೀಬೋರ್ಡ್ ಒಬ್ಬರ ಕೈಯಲ್ಲೇ ಇದ್ದುದರಿಂದ, ವೇದಿಕೆಯ ಮೇಲೆ ಒಂದು ಬಂದಾಗ ಇನ್ನೊಂದು ಸುಮ್ಮನಿರಲೇಬೇಕು. ನಿಮ್ಮ ತಂಡ ಮುಂದೆ ಕೀಬೋರ್ಡ್ ಸೇರಿಸಿಕೊಂಡರೆ ಈ ಶಿಸ್ತನ್ನು ನಿಯಮವಾಗಿಯೇ ಇಟ್ಟುಕೊಳ್ಳಿ. ಕೀಬೋರ್ಡ್‌ನ ‘ಸ್ಟ್ರಿಂಗ್ಸ್’ ದನಿ ನಿಜವಾದ ಪಿಟೀಲಿನ ಮೇಲೆ ಕೂತರೆ ಎರಡೂ ಸಪ್ಪೆಯಾಗುತ್ತವೆ.

ಆಲ್ಬಂನಲ್ಲಿ ಏಳು ಹಾಡು, ಒಟ್ಟು ಸುಮಾರು 58 ನಿಮಿಷ. ಮೊದಲ ಹಾಡು ‘ಸಿಯರ್ ಮಿ’ ಎಂಬುದರ ಹೊಸ ರೂಪ, ಹೆಸರಿನ ಜೊತೆ ರೋಮನ್ ಅಂಕಿಯಲ್ಲಿ 1993 ಎಂದು ಬರೆದಿದ್ದಾರೆ. ಕೊನೆಯದು ‘ಬ್ಲ್ಯಾಕ್ ಗಾಡ್’. ಈ ಎರಡರಲ್ಲೂ ಅಬ್ಬರದ ಗಿಟಾರ್ ಇಲ್ಲವೇ ಇಲ್ಲ. ಪಿಯಾನೋ ಸ್ವರ, ಪಿಟೀಲು, ಮನುಷ್ಯನ ದನಿ, ಅಷ್ಟೇ. ‘ಬ್ಲ್ಯಾಕ್ ಗಾಡ್’ನ ಸಾಹಿತ್ಯ 18ನೇ ಶತಮಾನದ ಕವಿ ವಿಲಿಯಂ ಹ್ಯಾಮಿಲ್ಟನ್‌ನ ಕವಿತೆಯಿಂದ ಬಂದದ್ದು, ಅದರಲ್ಲಿ ಹೆಣ್ಣುದನಿಯೂ ಇದೆ. ನಡುವಿನ ಐದು ಹಾಡುಗಳಲ್ಲಿ ಪೂರ್ತಿ ತಂಡ ಇಳಿಯುತ್ತದೆ. 12 ನಿಮಿಷದ ‘ದ ಕ್ರೌನ್ ಆಫ್ ಸಿಂಪತಿ’ ಎಲ್ಲಕ್ಕಿಂತ ಉದ್ದ, 10 ನಿಮಿಷದ ಶೀರ್ಷಿಕೆ ಗೀತೆ ಅದರ ನಂತರದ್ದು.

ಮೆಟಲ್ ಆಲ್ಬಂ ಒಂದರ ಬಾಗಿಲಲ್ಲೇ ಏಳು ನಿಮಿಷ ಗಿಟಾರ್ ಇಲ್ಲದೆ ಕೂರಿಸುವುದು 1993ರಲ್ಲಿ ಸಣ್ಣ ಧೈರ್ಯವಲ್ಲ. ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ: ಪಿಟೀಲಿಗೆ ಜಾಗ ಸಿಕ್ಕಿದ್ದು ಮಿಕ್ಸಿಂಗ್ ಮೇಜಿನ ಮೇಲಲ್ಲ, ಹಾಡು ಕಟ್ಟುವಾಗಲೇ. ಇದನ್ನು ಕಿವಿಯಾರೆ ತಿಳಿಯಲು ಒಂದು ಸುಲಭ ದಾರಿಯಿದೆ. ‘ಸಿಯರ್ ಮಿ’ಯ ಮೂಲ ರೂಪ ತಂಡದ ಮೊದಲ ಆಲ್ಬಂ, 1992ರ ‘ಆಸ್ ದ ಫ್ಲವರ್ ವಿದರ್ಸ್’ನಲ್ಲಿದೆ. ಅಲ್ಲಿ ಅದು ಗಿಟಾರ್, ಡ್ರಮ್ಸ್, ಗರ್ಜಿಸುವ ದನಿ ಎಲ್ಲವೂ ಇರುವ ಡೆತ್-ಡೂಮ್ (ಡೆತ್ ಮೆಟಲ್ ಮತ್ತು ಡೂಮ್ ಬೆರೆತ) ಹಾಡು. ಎರಡನ್ನೂ ಒಂದರ ಹಿಂದೆ ಒಂದು ಹಾಕಿಕೊಂಡು ಕೇಳಿ. ತಂಡ ತನ್ನದೇ ಹಾಡಿನಿಂದ ಗಿಟಾರ್‌ಗಳನ್ನು ಪೂರ್ತಿ ತೆಗೆದು, ಉಳಿದದ್ದು ನಿಲ್ಲುತ್ತದೆಯೇ ಎಂದು ನೋಡಿದೆ. ನಿಲ್ಲುತ್ತದೆ. 1999ರಲ್ಲಿ ಅದೇ ಎಳೆಯನ್ನು ಮೂರನೆಯ ಬಾರಿಗೂ ಎತ್ತಿಕೊಂಡರು.

ನಿಮ್ಮ ಹಾಡುಗಳಿಗೂ ಇದೇ ಪರೀಕ್ಷೆ ಕೊಡಿ. ಗಿಟಾರ್‌ಗಳನ್ನು ಸ್ಟ್ಯಾಂಡಿಗೆ ಹಾಕಿ. ಒಂದು ಹಾರ್ಮೋನಿಯಂ ಅಥವಾ ಕೀಬೋರ್ಡ್‌ನಲ್ಲಿ ಪ್ರತಿ ಕಾರ್ಡ್‌ನ (ಒಟ್ಟಿಗೆ ನುಡಿಸುವ ಸ್ವರಗುಚ್ಛದ) ಬೇರು ಸ್ವರ ಮತ್ತು ಪಂಚಮ ಮಾತ್ರ ಹಿಡಿಯಿರಿ, ನೀವು ಪಿಟೀಲು ನುಡಿಸಿ. ಐದು ನಿಮಿಷ ಕೇಳುವಂತಿದ್ದರೆ ಹಾಡಿದೆ. ಇಲ್ಲದಿದ್ದರೆ ನೀವು ಮಾಡಿರುವುದು, ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳಾದ ರಿಫ್‌ಗಳ ಸಾಲು, ಅದರ ಮೇಲೆ ಪಿಟೀಲು ಹೇಗೆ ಇಟ್ಟರೂ ಜಾರುತ್ತದೆ.

ಈಗ ಪಿಟೀಲು ಎಲ್ಲಿ ಮುಳುಗುತ್ತದೆ ಎಂಬ ಲೆಕ್ಕ. ನಿಮ್ಮ ಗಿಟಾರ್‌ಗಳನ್ನು ಡಿ ಶ್ರುತಿಗೆ ಇಳಿಸಿದ್ದೀರಿ ಎಂದುಕೊಳ್ಳುತ್ತೇನೆ. ಡೂಮ್ ಮಾಡುವವರು ಸಾಮಾನ್ಯವಾಗಿ ಇಷ್ಟಾದರೂ ಇಳಿಸುತ್ತಾರೆ, ನಿಮಗೂ ಅನುಕೂಲ: ಡಿ ಎಂದರೆ ಎರಡು ಮನೆ ಶ್ರುತಿ, ಷಡ್ಜವನ್ನು ಅಲ್ಲಿಟ್ಟು ತಂತಿಗಳನ್ನು ಸ-ಪ-ಸ-ಪ ಕೂಡಿಸಿಕೊಂಡರೆ ಗಿಟಾರ್‌ನ ದಪ್ಪ ತಂತಿಯೇ ನಿಮ್ಮ ತಂಬೂರಿ. ಗಿಟಾರ್‌ನ ಆ ತೆರೆದ ತಂತಿ 73.4 ಹರ್ಟ್ಜ್. ಮೇಲಿನ ಪಂಚಮ 110. ಡಿಸ್ಟಾರ್ಷನ್ (ಗಿಟಾರ್ ಸದ್ದನ್ನು ಬೇಕೆಂದೇ ಒರಟಾಗಿಸುವುದು) ಹಾಕಿದಾಗ ಈ ಎರಡು ಸ್ವರಗಳು ತಮ್ಮೊಳಗೆ ಕೂಡಿ ಕಳೆದು ಹೊಸ ಸ್ವರಗಳನ್ನು ಹುಟ್ಟಿಸುತ್ತವೆ. ಕಳೆದರೆ 36.6, ಅಂದರೆ ಒಂದು ಸ್ಥಾಯಿ ಕೆಳಗಿನ ಷಡ್ಜ. ಈ ಷಡ್ಜ-ಪಂಚಮ ಜೋಡಿಗೆ, ಅಂದರೆ ಪವರ್ ಕಾರ್ಡ್‌ಗೆ, ಭಾರ ಬರುವುದು ಹೀಗೆ. ಅದೇ ಜಾಗದಲ್ಲಿ ಗಿಟಾರ್ ವಾದಕರು ಷಡ್ಜ ಮತ್ತು ಸಾಧಾರಣ ಗಾಂಧಾರ (ಮೈನರ್ ಕಾರ್ಡಿನ ಗಾಂಧಾರ) ಒಟ್ಟಿಗೆ ಮೀಟಿದರೆ? 73.4 ಮತ್ತು 87.3. ಕಳೆದರೆ 14 ಹರ್ಟ್ಜ್, ಕಿವಿಗೆ ಸ್ವರವಾಗಿ ಕೇಳದೆ ನಡುಗುವಿಕೆಯಾಗಿ ಕೇಳುತ್ತದೆ. ಕೂಡಿದರೆ 160.7, ಅದು ರಿಷಭದ ಎರಡು ಸ್ಥಾನಗಳ ನಡುವೆ ಎಲ್ಲೋ ಬೀಳುವ ಬೇಸುರ. ಇಂಥ ಬೇಸುರಗಳು ಹತ್ತಾರು ಸೇರಿ 150ರಿಂದ 400 ಹರ್ಟ್ಜ್ ನಡುವಿನ ಜಾಗವನ್ನು ಕೆಸರು ಮಾಡುತ್ತವೆ. ನಿಮ್ಮ ಪಿಟೀಲಿನ ಎರಡು ದಪ್ಪ ತಂತಿಗಳು ಉಸಿರಾಡುವುದು ಅಲ್ಲೇ.

ಆದ್ದರಿಂದ ಮೊದಲ ನಿಯಮ: ಡಿಸ್ಟಾರ್ಷನ್ ಇರುವಾಗ ದಪ್ಪ ತಂತಿಗಳ ಮೇಲೆ ಗಿಟಾರ್‌ಗಳು ಷಡ್ಜ-ಪಂಚಮ ಬಿಟ್ಟು ಬೇರೆ ಜೋಡಿ ಹಿಡಿಯಬಾರದು. ಗಾಂಧಾರ ನಿಮ್ಮ ಪಾಲಿಗಿರಲಿ. ಕಾರ್ಡ್ ಅಳಬೇಕೋ ಬೆಳಗಬೇಕೋ ಎಂದು ತೀರ್ಮಾನಿಸುವ ಸ್ವರ ಪಿಟೀಲಿನ ಕೈಯಲ್ಲಿದ್ದರೆ, ಎಷ್ಟೇ ಸಣ್ಣ ದನಿಯಲ್ಲಿ ನುಡಿಸಿದರೂ ಕೇಳುವವರ ಕಿವಿ ಅದನ್ನೇ ಹುಡುಕಿಕೊಂಡು ಹೋಗುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಷಡ್ಜ-ಪಂಚಮ ಕೂಡಿದರೆ 183.4, ಅದು ಹೆಚ್ಚುಕಡಿಮೆ ಅಂತರ ಗಾಂಧಾರ (ಮೇಜರ್ ಕಾರ್ಡಿನದು). ಎಂದರೆ ಡಿಸ್ಟಾರ್ಟ್ ಆದ ಪವರ್ ಕಾರ್ಡ್‌ನೊಳಗೆ ಅಂತರ ಗಾಂಧಾರ ಮಂಕಾಗಿ ಮೊದಲೇ ಕೂತಿರುತ್ತದೆ. ಅದರ ಮೇಲೆ ನೀವು ಸಾಧಾರಣ ಗಾಂಧಾರ ಎಳೆದಾಗ ಒಂದು ತಿಕ್ಕಾಟ ಹುಟ್ಟುತ್ತದೆ. ಡೂಮ್‌ನಲ್ಲಿ ಪಿಟೀಲಿನ ಸ್ವರ ನೋಯುವಂತೆ ಕೇಳಲು ಇದೂ ಒಂದು ಕಾರಣ. ತಿಕ್ಕಾಟ ಹದ ಮೀರಿ ಕರ್ಕಶವಾದರೆ ಪಿಟೀಲನ್ನು ತಗ್ಗಿಸಬೇಡಿ, ಗಿಟಾರ್‌ನ ಗೇನ್ (ಡಿಸ್ಟಾರ್ಷನ್ ಎಷ್ಟೆಂದು ತೀರ್ಮಾನಿಸುವ ಗುಂಡಿ) ತಗ್ಗಿಸಿ. ಮೆಟಲ್‌ನವರು ಒಬ್ಬೊಬ್ಬರೇ ಕೋಣೆಯಲ್ಲಿ ನುಡಿಸುವಾಗ ಇಟ್ಟುಕೊಳ್ಳುವ ಗೇನ್, ತಂಡದಲ್ಲಿ ಬೇಕಾದ್ದಕ್ಕಿಂತ ಯಾವಾಗಲೂ ಜಾಸ್ತಿ. ಗೇನ್ ಹೆಚ್ಚಾದಷ್ಟೂ ಮೀಟಿನ ಪೆಟ್ಟು ಮಾಯವಾಗಿ ಎಲ್ಲವೂ ಒಂದೇ ಮಟ್ಟದ ಗುಂಯ್‌ಗಾಟ ಆಗುತ್ತದೆ.

ಎರಡನೆಯದು ಸ್ಥಾಯಿ. ಗಿಟಾರ್ ನುಡಿಸುವ ಧಾಟಿಯನ್ನೇ ಅದೇ ಸ್ಥಾಯಿಯಲ್ಲಿ ನೀವೂ ನುಡಿಸಿದರೆ ಪಿಟೀಲು ಗಿಟಾರ್‌ನೊಳಗೆ ಕರಗುತ್ತದೆ. ಕೇಳುಗರಿಗೆ ಗಿಟಾರ್ ಸ್ವಲ್ಪ ದಪ್ಪಗಾದಂತೆ ಅನಿಸುತ್ತದೆಯೇ ಹೊರತು ಎರಡನೆಯ ವಾದ್ಯ ಇದೆ ಎಂದೇ ಗೊತ್ತಾಗುವುದಿಲ್ಲ. ಒಂದು ಸ್ಥಾಯಿ ಮೇಲೆ ಹೋಗಿ, ಅಥವಾ ಗಿಟಾರ್ ನಿಂತ ಸ್ವರದ ಮೇಲೆ ನೀವು ಚಲಿಸಿ, ಗಿಟಾರ್ ಚಲಿಸುವಾಗ ನೀವು ನಿಂತುಬಿಡಿ. ಎರಡು ಗಿಟಾರ್‌ಗಳಲ್ಲಿ ಒಂದು ಕಾರ್ಡ್ ಹಿಡಿದು ಇನ್ನೊಂದು ಧಾಟಿ ನುಡಿಸುವುದು ಈ ಆಲ್ಬಂನಲ್ಲಿ ಮತ್ತೆ ಮತ್ತೆ ಬರುತ್ತದೆ. ಪಿಟೀಲು ಬಂದಾಗ ಆ ಧಾಟಿಯ ಗಿಟಾರ್ ಬಿಟ್ಟುಕೊಡಬೇಕು. ನಿಮ್ಮ ಹಾಡಿನ ಪ್ರತಿ ಭಾಗಕ್ಕೂ ಹಾಳೆಯ ಮೇಲೆ ಒಂದು ಪ್ರಶ್ನೆ ಬರೆದುಕೊಳ್ಳಿ: ಇಲ್ಲಿ ಧಾಟಿ ಯಾರದು? ಎರಡು ಹೆಸರು ಬಂದರೆ ಒಂದನ್ನು ಹೊಡೆದುಹಾಕಿ. ಹಾಡುವವರಿದ್ದಾರೆ ಎಂದರೆ ಅವರ ಹೆಸರೂ ಲೆಕ್ಕಕ್ಕೆ ಸೇರುತ್ತದೆ.

ಪಿಟೀಲನ್ನು ಮುಳುಗಿಸುವ ಅಸಲಿ ಅಪರಾಧಿ ಮಾತ್ರ ಹಲವು ಸಲ ಗಿಟಾರ್ ಆಗಿರುವುದೇ ಇಲ್ಲ, ಡ್ರಮ್ಸ್ ಜೊತೆಗಿನ ಸಿಂಬಲ್ (ಲೋಹದ ತಟ್ಟೆ) ಆಗಿರುತ್ತದೆ. ನಿಧಾನದ ಹಾಡಿನಲ್ಲಿ ಡ್ರಮ್ಮರ್‌ಗೆ ಖಾಲಿ ಜಾಗ ಕಂಡು ಕೈ ಕಡಿಯುತ್ತದೆ. ಪ್ರತಿ ಪೆಟ್ಟಿಗೂ ಕ್ರ್ಯಾಶ್ (ಜೋರು ಸದ್ದಿನ ಸಿಂಬಲ್) ಹೊಡೆಯುತ್ತಾರೆ. ಕ್ರ್ಯಾಶ್‌ನ ಝೇಂಕಾರ ಎರಡು-ಮೂರು ಸೆಕೆಂಡ್ ಉಳಿಯುತ್ತದೆ, ಅಷ್ಟರಲ್ಲಿ ಮುಂದಿನದು ಬೀಳುತ್ತದೆ. ಹೀಗೆ 2,000 ಹರ್ಟ್ಜ್‌ಗಿಂತ ಮೇಲಿನ ಜಾಗ ಹಾಡಿನುದ್ದಕ್ಕೂ ತುಂಬಿಹೋಗಿರುತ್ತದೆ. ಪಿಟೀಲಿನ ಸ್ವರ ಹುಟ್ಟುವುದು ಕೆಳಗಾದರೂ ಅದು ಪಿಟೀಲೆಂದು ಗುರುತು ಹಿಡಿಯುವುದು ಆ ಮೇಲಿನ ಅಂಶಗಳಿಂದ. ಮುಂದಿನ ಅಭ್ಯಾಸದಲ್ಲಿ ಒಂದೇ ಒಂದು ಬದಲಾವಣೆ ಮಾಡಿ ನೋಡಿ: ಪಿಟೀಲು ಬರುವ ಭಾಗದಲ್ಲಿ ಕ್ರ್ಯಾಶ್ ನಾಲ್ಕು ಆವರ್ತಕ್ಕೊಮ್ಮೆ ಮಾತ್ರ, ಉಳಿದಂತೆ ಮುಚ್ಚಿದ ಹೈಹ್ಯಾಟ್ ಅಥವಾ ರೈಡ್‌ನ ತುದಿಪೆಟ್ಟು. ಯಾರ ಆಂಪನ್ನೂ ಮುಟ್ಟದೆ ಪಿಟೀಲು ಮೇಲೆದ್ದು ಬರುತ್ತದೆ.

ಎಣಿಕೆಯ ವಿಚಾರಕ್ಕೆ ಬರೋಣ. 60 ಬಿಪಿಎಂನಲ್ಲಿ (ನಿಮಿಷಕ್ಕೆ 60 ಪೆಟ್ಟು) ಒಂದು ಪೆಟ್ಟಿಗೆ ಒಂದು ಸೆಕೆಂಡ್, ನಾಲ್ಕು ಪೆಟ್ಟಿನ ಆವರ್ತಕ್ಕೆ ನಾಲ್ಕು ಸೆಕೆಂಡ್. ನಾಲ್ಕು ಆವರ್ತದ ರಿಫ್ಫನ್ನು ನಾಲ್ಕು ಸಲ ನುಡಿಸಿದರೆ ಒಂದು ನಿಮಿಷ ದಾಟುತ್ತದೆ. ಡೂಮ್ ಹಾಡುಗಳು ಏಳೆಂಟು ನಿಮಿಷ ಆಗುವುದಕ್ಕೆ ಬೇರೆ ಗುಟ್ಟೇನೂ ಇಲ್ಲ. ಒಂದು ಸೆಕೆಂಡಿನ ಅಂತರವನ್ನು ಐವರು ಮನಸ್ಸಿನಲ್ಲೇ ಅಳೆದು ಒಟ್ಟಿಗೆ ಬೀಳುವುದು ಕಷ್ಟ. ಒಬ್ಬರು 40 ಮಿಲಿಸೆಕೆಂಡ್ ಮುಂದೆ, ಒಬ್ಬರು 40 ಹಿಂದೆ ಬಿದ್ದರೆ ಪೆಟ್ಟು ಒಡೆಯುತ್ತದೆ. ವೇಗದ ಹಾಡಿನಲ್ಲಿ ಈ ಒಡಕು ಗದ್ದಲದಲ್ಲಿ ಮುಚ್ಚಿಹೋಗುತ್ತದೆ, ನಿಧಾನದಲ್ಲಿ ಬೆತ್ತಲಾಗುತ್ತದೆ. ನಿಮಗೆ ‘ಎಳೆದ ಹಾಗೆ’ ಕೇಳುತ್ತಿರುವುದು ಬಹುಶಃ ವೇಗವಲ್ಲ, ಈ ಒಡೆದ ಪೆಟ್ಟು.

ಇಲ್ಲಿ ತಂಡಕ್ಕೆ ಪಾಠ ಹೇಳಬೇಕಾದವರು ನೀವೇ. ಎರಡು ಕಳೆಯಲ್ಲಿ ತಾಳ ಹಾಕುವಾಗ ಪ್ರತಿ ಅಕ್ಷರವನ್ನೂ ಎರಡಾಗಿ ಎಣಿಸುವ ಅಭ್ಯಾಸ ನಿಮಗಿದೆ, ಗಿಟಾರ್ ಹುಡುಗರಿಗೆ ಇರಲಾರದು. ಐವರೂ ವಾದ್ಯ ಕೆಳಗಿಟ್ಟು, 60ರ ಕ್ಲಿಕ್ ಹಾಕಿ, ರಿಫ್ಫನ್ನು ಬಾಯಲ್ಲಿ ಹೇಳುತ್ತಾ ಕೈಯಲ್ಲಿ ಎರಡು ಕಳೆ ತಾಳ ಹಾಕಿ. ಹಾಡು ತಿಶ್ರ ನಡೆಯದ್ದಾದರೆ ಪೆಟ್ಟಿಗೆ ಮೂರು ಎಣಿಸಿ. ಡೂಮ್‌ನಲ್ಲಿ ತೂಗುವ ನಡಿಗೆಯ ರಿಫ್‌ಗಳು ಬಹಳಷ್ಟು ತಿಶ್ರದವೇ, ಅದನ್ನು ಚತುರಶ್ರ (ಪೆಟ್ಟಿಗೆ ನಾಲ್ಕು) ಎಂದು ಎಣಿಸಿ ಕೆಟ್ಟ ತಂಡಗಳು ಸಾಕಷ್ಟಿವೆ. ಆಮೇಲೆ ವಾದ್ಯ ಹಿಡಿದು ಮೆಟ್ರೊನೋಮನ್ನು ಮೊದಲು 120ರಲ್ಲಿಟ್ಟು ಪೆಟ್ಟಿಗೆ ಎರಡು ಕ್ಲಿಕ್ ಬರುವಂತೆ ನುಡಿಸಿ. ಅದು ಗಟ್ಟಿಯಾದ ಮೇಲೆ 60. ಕೊನೆಗೆ 30, ಅಂದರೆ ಆವರ್ತಕ್ಕೆ ಎರಡೇ ಕ್ಲಿಕ್. 30ರಲ್ಲಿ ಒಟ್ಟಿಗೆ ಬೀಳುವ ತಂಡಕ್ಕೆ ಕ್ಲಿಕ್ ಇಲ್ಲದೆಯೂ ಭಾರ ಬರುತ್ತದೆ. ಡ್ರಮ್ಮರ್‌ಗೆ ಒಂದು ಮಾತು: ನಡುವಿನ ಎಣಿಕೆಯನ್ನು ಕೈಬಿಡದೆ ಹೈಹ್ಯಾಟ್ ಪೆಡಲ್ ಮೇಲೆ ಎಡಗಾಲಲ್ಲಿ ಮೆಲ್ಲಗೆ ಇಡುತ್ತಿರಲಿ. ಪ್ರೇಕ್ಷಕರಿಗೆ ಕೇಳಬೇಕಾಗಿಲ್ಲ, ತಂಡಕ್ಕೆ ಕಂಡರೆ ಸಾಕು.

ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೂ ನಡೆಯನ್ನು ತೀರ್ಮಾನಿಸುತ್ತದೆ. ಗಿಟಾರ್ ಕಾರ್ಡ್ ನಾಲ್ಕು ಸೆಕೆಂಡ್ ತುಂಬಿ ನಿಲ್ಲದೆ ಮೂರನೆಯ ಸೆಕೆಂಡಿಗೇ ಸೊರಗಿದರೆ ಆವರ್ತದ ಕೊನೆಯಲ್ಲಿ ಗುಂಡಿ ಬೀಳುತ್ತದೆ, ಕಿವಿ ಅದನ್ನು ಆಯಾಸ ಎಂದು ಓದುತ್ತದೆ. ಒಂದೋ ವೇಗವನ್ನು 64-66ಕ್ಕೆ ಏರಿಸಿ, ಇಲ್ಲವೇ ಆ ಗುಂಡಿಯನ್ನು ಪಿಟೀಲಿನಿಂದ ದಾಟಿಸಿ. ಕಮಾನಿನ ವಾದ್ಯಕ್ಕೆ ಇರುವ ಶಕ್ತಿಯೇ ಇದು, ಸ್ವರವನ್ನು ಸಾಯಗೊಡದೆ ಇನ್ನೂ ಬೆಳೆಸಬಹುದು. ಗಿಟಾರ್ ಕುಗ್ಗುವಾಗ ಪಿಟೀಲು ಹಿಗ್ಗಲಿ. ಒಂದು ಆವರ್ತಕ್ಕೆ ಒಂದೇ ಕಮಾನು ಸಾಕಾಗದಿದ್ದರೆ ಮೂರನೆಯ ಪೆಟ್ಟಿನಲ್ಲಿ ಸದ್ದಿಲ್ಲದೆ ತಿರುಗಿಸಿ. ಮೊದಲ ಪೆಟ್ಟಿನಲ್ಲಿ ತಿರುಗಿಸಿದರೆ ಗಿಟಾರ್‌ನ ಪೆಟ್ಟಿನಡಿ ನಿಮ್ಮ ಸ್ವರದ ಹುಟ್ಟು ಹೂತುಹೋಗುತ್ತದೆ.

ರಾಗದ ಕಡೆಯಿಂದ ನೋಡಿದರೆ ಈ ಸಂಗೀತ ನಿಮಗೆ ಅಪರಿಚಿತವಲ್ಲ. ಅವರು ಮೈನರ್ ಎನ್ನುವುದು ನಠಭೈರವಿಯ ಸ್ವರಗಳು, ನಿಷಾದ ಏರಿಸಿದರೆ ಕೀರವಾಣಿ. ಸ್ವರಸ್ಥಾನ ಒಂದೇ ಆದರೂ ಎರಡು ಕಡೆ ಎಚ್ಚರ ಬೇಕು. ಒಂದು, ತಂಬೂರಿಗೆ ಕೂಡಿಸಿ ಅಭ್ಯಾಸವಾದ ಕೈ ಸಾಧಾರಣ ಗಾಂಧಾರವನ್ನು ಷಡ್ಜದಿಂದ ಸುಮಾರು 316 ಸೆಂಟ್ (ಗಿಟಾರ್‌ನ ಒಂದು ಮೆಟ್ಟಿಲಿಗೆ 100 ಸೆಂಟ್) ಮೇಲೆ ಹಿಡಿಯುತ್ತದೆ, ಗಿಟಾರ್‌ನ ಮೆಟ್ಟಿಲು 300ಕ್ಕೆ ಕೂತಿದೆ. ಈ 16 ಸೆಂಟ್ ವ್ಯತ್ಯಾಸ ಮೂರು ಸೆಕೆಂಡ್ ಎಳೆದ ಸ್ವರದಲ್ಲಿ ಚೆನ್ನಾಗಿಯೇ ಕೇಳುತ್ತದೆ. ಗಿಟಾರ್ ಗಾಂಧಾರ ಮುಟ್ಟದಿದ್ದರೆ ನಿಮ್ಮ ಸ್ಥಾನದಲ್ಲೇ ನಿಲ್ಲಿ, ಧಾಟಿಯ ಗಿಟಾರ್ ಅದೇ ಸ್ವರ ಮುಟ್ಟುತ್ತಿದ್ದರೆ ಅದರ ಸ್ಥಾನಕ್ಕೆ ಇಳಿಯಿರಿ. ಎರಡು, ನಿಂತ ಕಾರ್ಡ್‌ನ ಮೇಲೆ ಕಂಪಿತ (ಸ್ವರವನ್ನು ಅಲುಗಿಸುವ ಗಮಕ) ಬೇಡ. ಸ್ವರವನ್ನು ನೇರವಾಗಿ ಹಿಡಿದು, ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ದಾಟುವಾಗ ಜಾರು ಬಳಸಿ. ಗಮಕ ಅಲ್ಲಿ ಎದ್ದು ಕಾಣುತ್ತದೆ, ಕಾರ್ಡ್‌ನ ಜೊತೆ ಜಗಳವನ್ನೂ ಆಡುವುದಿಲ್ಲ. ಇದರ ಜೊತೆಗೆ, ವೇದಿಕೆಯ ಮೇಲೆ ನಿಂತೇ ನುಡಿಸಬೇಕೆಂಬ ಹಟ ಬೇಡ. ಕುಳಿತು, ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟು ಕಲಿತ ಕೈ ಸಲೀಸಾಗಿ ಜಾರುತ್ತದೆ. ನಿಂತು ಭುಜಕ್ಕೂ ಗಲ್ಲಕ್ಕೂ ಸಿಕ್ಕಿಸಿಕೊಂಡರೆ ಅದೇ ಕೈ ವಾದ್ಯವನ್ನು ಹೊರಬೇಕಾಗಿ ಬಂದು ಜಾರು ಬಿಗಿಯಾಗುತ್ತದೆ. ಒಂದೂವರೆ ಅಡಿ ಎತ್ತರದ ಮರದ ಹಲಗೆ ಹಾಕಿಸಿಕೊಂಡು ಕುಳಿತೇ ನುಡಿಸಿ.

ಗಿಟಾರ್ ಹುಡುಗರು ಮಾಡಬೇಕಾದ ಕೆಲಸವೂ ಇದೆ. ಡಿಗೆ ಇಳಿಸಿದ ಗಿಟಾರ್‌ಗೆ ಹಳೆಯ ತೆಳು ತಂತಿಯೇ ಇದ್ದರೆ ಅದು ಸಡಿಲವಾಗಿ, ಜೋರಾಗಿ ಮೀಟಿದ ಕ್ಷಣ ಸ್ವರ ಮೇಲಕ್ಕೆ ಜಿಗಿದು ಆಮೇಲೆ ಇಳಿಯುತ್ತದೆ. ನಿಮ್ಮ ಪಿಟೀಲು ಬೇಸುರ ಎಂದು ಅವರು ದೂರಿದ್ದರೆ, ಒಮ್ಮೆ ಈ ಜಿಗಿತವನ್ನು ಪರೀಕ್ಷಿಸಿ. ತಂತಿಯ ಉದ್ದ 25.5 ಇಂಚು ಇರುವ ಗಿಟಾರ್‌ಗೆ 11ರಿಂದ 54ರ ಸೆಟ್ ಹಾಕಿಸಿ (ಅಂಕಿ ತಂತಿಯ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ). ಸಿ ಶ್ರುತಿಗೆ ಇಳಿಸುವುದಾದರೆ 12ರಿಂದ 60. ದಪ್ಪ ತಂತಿ ನಟ್‌ನ ಕಚ್ಚಿನಲ್ಲಿ ಸಲೀಸಾಗಿ ಕೂರದಿದ್ದರೆ ಕಚ್ಚು ಅಗಲ ಮಾಡಿಸಿ, ಟ್ರಸ್ ರಾಡ್ (ಗಿಟಾರ್ ಕತ್ತಿನ ಬಾಗನ್ನು ಹಿಡಿದಿಡುವ ಸರಳು) ಸರಿಪಡಿಸಿ, 12ನೇ ಮೆಟ್ಟಿಲಲ್ಲಿ ಇಂಟೊನೇಷನ್ (ಮೆಟ್ಟಿಲಿನ ಸ್ವರ ಶ್ರುತಿಗೆ ನಿಲ್ಲುತ್ತದೆಯೇ ಎಂದು) ನೋಡಿಸಿ. ಶ್ರುತಿ ಮಾಡುವಾಗ ಹಾಡಿನಲ್ಲಿ ಮೀಟುವಷ್ಟೇ ಜೋರಾಗಿ ಮೀಟಿ ಟ್ಯೂನರ್ ನೋಡಬೇಕು.

ಜ್ಯಾಮ್ ರೂಮಿನ ಅಳತೆ ಎಷ್ಟೋ ತಿಳಿಯದು, ಊರಿನ ಹೆಚ್ಚಿನ ರೂಮುಗಳು 10 ಅಡಿಗೆ 12 ಅಡಿ ಆಸುಪಾಸು. 10 ಅಡಿಯ ಎರಡು ಗೋಡೆಗಳ ನಡುವೆ 56 ಮತ್ತು ಅದರ ದುಪ್ಪಟ್ಟು 112 ಹರ್ಟ್ಜ್ ಕಟ್ಟಿಕೊಂಡು ನಿಲ್ಲುತ್ತವೆ. ನಿಮ್ಮ ಷಡ್ಜದ ಪಂಚಮ 110! ಎಂದರೆ ಪ್ರತಿ ಡಿ ಕಾರ್ಡಿನಲ್ಲೂ ಕೋಣೆಯೇ ಒಂದು ಸ್ವರವನ್ನು ಊದುತ್ತದೆ. ಬೇಸ್ ಮತ್ತು ಗಿಟಾರ್ ಕ್ಯಾಬಿನೆಟ್‌ಗಳನ್ನು ಮೂಲೆಯಿಂದ ಈಚೆ ತಂದು, ಸ್ಟೂಲ್ ಮೇಲಿಟ್ಟು, ನುಡಿಸುವವರ ಕಿವಿಯ ಕಡೆಗೆ ವಾಲಿಸಿ. ಸ್ಪೀಕರ್ ಮೊಣಕಾಲಿಗೆ ಮುಖಮಾಡಿದ್ದಾಗ ಗಿಟಾರ್ ವಾದಕರಿಗೆ ತಮ್ಮ ಸದ್ದು ಕೇಳದೆ ವಾಲ್ಯೂಮ್ ಏರಿಸುತ್ತಾ ಹೋಗುತ್ತಾರೆ. ಕಿವಿಗೆ ಮುಖಮಾಡಿದರೆ ಅವರಾಗಿಯೇ ಇಳಿಸುತ್ತಾರೆ.

ನಿಧಾನದ ಸಂಗೀತದಲ್ಲಿ ಮೌನಗಳೂ ಉದ್ದ, ಆ ಮೌನದಲ್ಲಿ ಕರೆಂಟಿನ 50 ಹರ್ಟ್ಜ್ ಗುಂಯ್‌ ಸದ್ದು ಕೇಳಿಸುತ್ತದೆ. ಅರ್ಥಿಂಗ್ ಸರಿಯಿರುವ ಒಂದೇ ಪ್ಲಗ್ ಪಾಯಿಂಟ್‌ನಿಂದ ಎಲ್ಲ ಆಂಪ್‌ಗಳಿಗೂ ಕರೆಂಟ್ ತೆಗೆದುಕೊಳ್ಳಿ. ಗುಂಯ್‌ ನಿಲ್ಲಲಿ ಎಂದು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ, ಜೀವಕ್ಕೆ ಅಪಾಯ, ಎಂದೂ ಮಾಡಬೇಡಿ. ಅದಕ್ಕೆಂದೇ ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಗುಂಡಿ ಇರುತ್ತದೆ. ಗಿಟಾರ್‌ಗೆ ನಾಯ್ಸ್ ಗೇಟ್ (ನುಡಿಸದಿರುವಾಗ ಸದ್ದನ್ನು ಮುಚ್ಚುವ ಸಾಧನ) ಹಾಕಿದರೆ ಅದರ ರಿಲೀಸ್ (ಮುಚ್ಚಿಕೊಳ್ಳಲು ತೆಗೆದುಕೊಳ್ಳುವ ಸಮಯ) 300ರಿಂದ 500 ಮಿಲಿಸೆಕೆಂಡ್ ಇರಲಿ. ವೇಗದ ಮೆಟಲ್‌ಗೆ ಇಡುವ 50-60 ಇಟ್ಟರೆ ಕಾರ್ಡ್‌ನ ಬಾಲ ಕತ್ತರಿಸಿಹೋಗುತ್ತದೆ.

ಹಾಡುವವರ ಬಗ್ಗೆ ನೀವು ಕೇಳಿಲ್ಲ, ಆದರೂ ಈ ಆಲ್ಬಂ ಹೆಸರು ಹೇಳಿದ ಮೇಲೆ ಬಿಡಲಾಗದು. ಸ್ಟೇನ್‌ಥಾರ್ಪ್ ಇಲ್ಲಿ ಗರ್ಜನೆಯ ಜೊತೆಗೆ ತೆರೆದ ದನಿಯನ್ನೂ ತಂದರು. ತಂಡದ ಮುಂದಿನ ಆಲ್ಬಂ, 1995ರ ‘ದ ಏಂಜೆಲ್ ಅಂಡ್ ದ ಡಾರ್ಕ್ ರಿವರ್’ನಲ್ಲಿ ಗರ್ಜನೆ ಪೂರ್ತಿ ಮಾಯವಾಯಿತು. ನಿಮ್ಮಲ್ಲಿ ಒಬ್ಬರೇ ಎರಡನ್ನೂ ಮಾಡುವುದಾದರೆ ಧ್ವನಿಮುದ್ರಣದ ದಿನ ತೆರೆದ ದನಿಯನ್ನು ಮೊದಲು ಮುಗಿಸಿ, ಗರ್ಜನೆಯನ್ನು ಆಮೇಲೆ ಇಟ್ಟುಕೊಳ್ಳಿ. ಗರ್ಜಿಸಿದ ಗಂಟಲಿನಲ್ಲಿ ತೆರೆದ ದನಿ ಅದೇ ದಿನ ಶ್ರುತಿಗೆ ನಿಲ್ಲುವುದಿಲ್ಲ. ಗಂಟಲಿನಲ್ಲಿ ನೋವು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಪಿಟೀಲಿಗೆ ಜೊತೆಯಾಗುವುದು ತೆರೆದ ದನಿ. ಗರ್ಜನೆ ಇರುವಾಗ ನೀವು ಸುಮ್ಮನಿರಿ ಅಥವಾ ತಾರಸ್ಥಾಯಿಯಲ್ಲಿ ಒಂದೇ ಸ್ವರ ಹಿಡಿಯಿರಿ.

ಇನ್ನೂ ಕೇಳಬೇಕೆನಿಸಿದರೆ ಅದೇ ಕಾಲದ ಬ್ರಿಟಿಷ್ ಡೂಮ್‌ನಲ್ಲಿ ಅನಾಥೆಮಾ ತಂಡದ 1993ರ ‘ಸೆರೆನೇಡ್ಸ್’, ಕೆಥೀಡ್ರಲ್ ತಂಡದ 1991ರ ‘ಫಾರೆಸ್ಟ್ ಆಫ್ ಈಕ್ವಿಲಿಬ್ರಿಯಂ’ ಎತ್ತಿಕೊಳ್ಳಿ. ಎರಡನೆಯದು ಗಿಟಾರ್ ಕಾರ್ಡನ್ನು ಎಷ್ಟು ಹೊತ್ತು ಸಾಯಗೊಡದೆ ಹಿಡಿಯಬಹುದು ಎಂಬುದಕ್ಕೆ ಒಳ್ಳೆಯ ಪಾಠ. ನಮ್ಮ ಬೆಂಗಳೂರಿನಲ್ಲೇ 1990ರ ದಶಕದಲ್ಲಿ ಡೈಯಿಂಗ್ ಎಂಬ್ರೇಸ್ ಡೆತ್-ಡೂಮ್ ನುಡಿಸುತ್ತಿತ್ತು, ಆಮೇಲೆ ಬೆವರ್ ಸೀ ಬಂತು. ಅವರನ್ನೂ ಕೇಳಿ.

ಹಾಡು ಸಿದ್ಧವಾಗಿ ಮುದ್ರಿಸಲು ಹೊರಟಾಗ ಪಿಟೀಲಿಗೆ ಪಿಕಪ್ ಬೇಡ. ಕುದುರೆಯಿಂದ 40-60 ಸೆಂಟಿಮೀಟರ್ ಮೇಲೆ ಕಂಡೆನ್ಸರ್ ಮೈಕ್ ಇಟ್ಟು, ಉಳಿದ ವಾದ್ಯಗಳನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಪ್ರತ್ಯೇಕವಾಗಿ ನುಡಿಸಿ. ರಿವರ್ಬ್ ಹಾಕುವಾಗ ಅದರ ಉದ್ದವನ್ನು ಕಾರ್ಡ್ ಬದಲಾಗುವ ಅಂತರಕ್ಕೆ ಹೊಂದಿಸಿ. 60 ಬಿಪಿಎಂನಲ್ಲಿ ಎರಡು ಪೆಟ್ಟಿಗೊಮ್ಮೆ ಕಾರ್ಡ್ ಬದಲಾದರೆ 1.8 ಸೆಕೆಂಡ್ ಸಾಕು. ಅದಕ್ಕಿಂತ ಉದ್ದವಾದರೆ ಹಿಂದಿನ ಕಾರ್ಡಿನ ಗಾಂಧಾರ ಮುಂದಿನ ಕಾರ್ಡಿನ ಮೇಲೆ ಚೆಲ್ಲುತ್ತದೆ. ಮಿಕ್ಸ್ ಮಾಡುವವರು ರೂಢಿಯಂತೆ ಡ್ರಮ್ಸ್, ಬೇಸ್, ಗಿಟಾರ್ ಎಲ್ಲ ಏರಿಸಿಟ್ಟು ಕೊನೆಗೆ ಪಿಟೀಲಿಗೆ ಜಾಗ ಹುಡುಕುತ್ತಾರೆ. ಪಿಟೀಲು ಬರುವ ಭಾಗಗಳಲ್ಲಿ ಕ್ರಮವನ್ನು ತಿರುವಿ ಹಾಕಲು ಕೇಳಿಕೊಳ್ಳಿ. ಮೊದಲು ಪಿಟೀಲು ಮತ್ತು ಕಿಕ್-ಸ್ನೇರ್, ಆಮೇಲೆ ಬೇಸ್, ಆಮೇಲೆ ಗಿಟಾರ್‌ಗಳು ಎಡಕ್ಕೊಂದು ಬಲಕ್ಕೊಂದು, ಕಟ್ಟಕಡೆಗೆ ಸಿಂಬಲ್. ಗಿಟಾರ್‌ಗಳ 1,000ದಿಂದ 3,000 ಹರ್ಟ್ಜ್ ಜಾಗವನ್ನು ಆ ಭಾಗಗಳಲ್ಲಿ ಮಾತ್ರ 2-3 ಡೆಸಿಬೆಲ್ ಇಳಿಸಿ, ಪಿಟೀಲು ಮುಗಿದ ಪೆಟ್ಟಿನಲ್ಲೇ ವಾಪಸು ಏರಿಸಿದರೆ ರಿಫ್ ಮರಳಿ ಬರುವಾಗ ಎರಡು ಪಟ್ಟು ದೊಡ್ಡದಾಗಿ ಕೇಳುತ್ತದೆ.